ಹಲ್ಲು ನೋಡಿ ತಂದ ಟೈರು

"ಟಾಯರ್ ಆರಿಸಾಕ ನನಗಿಂತ ಶಾಣ್ಯಾ ಮನಷ್ಯಾ ಈ ಜಿಲ್ಲಾದಾಗ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೂ ಅವ ಇನ್ನೂ ತೊಟ್ಟಿಲದಾಗ ಅದಾನ!"

ತಿಕೋಟಾದ ಶ್ರೀಮಂತ ಈ ಘೋಷಣೆ ಮಾಡಿದ್ದು ಬೆಳಿಗ್ಗೆ ಏಳು ಗಂಟೆಗೆ, ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತ. ಕೇಳಿಸಿಕೊಂಡವಳು ಹೆಂಡತಿ ಗೀತಾಂಜಲಿ ಒಬ್ಬಳೇ. ಅವಳೂ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳಾದ್ದರಿಂದ ಅರ್ಧ ಮಾತ್ರ ಕೇಳಿಸಿಕೊಂಡಳು. ಬಬಲೇಶ್ವರದ ಅವಳ ತವರಿನಲ್ಲಿ ಅಂದು ತಮ್ಮನ ಮಗಳ ನಿಶ್ಚಯ. ಮಧ್ಯಾಹ್ನ ಹನ್ನೆರಡೂವರೆಯೊಳಗೆ ಉಂಗುರ ತೊಡಿಸಬೇಕು. ವರನಿಗೆ ತೊಡಿಸುವ ಆ ಉಂಗುರ ವಿಜಯಪುರದ ಅಕ್ಕಸಾಲಿಗನ ಬಳಿ ಸಿದ್ಧವಾಗಿತ್ತು. ಅದನ್ನು ತರುವ ಮಹತ್ಕಾರ್ಯವನ್ನು ಮನೆಯ ಹಿರಿಯ ಅಳಿಯನಾದ ಶ್ರೀಮಂತನಿಗೆ ಒಪ್ಪಿಸಿದ್ದರು.

ಗೀತಾಂಜಲಿ ಬಾಯಿಂದ ಪಿನ್ನು ತೆಗೆದಳು. "ಇವತ್ತ ಉಂಗುರಷ್ಟ ತರ್ರಿ. ಟಾಯರ್ ನಾಳೆ ನೋಡಿದ್ರಾತು."

"ನಿಮ್ಮ ತವರಮನಿ ಮುಂದ ತೇದ ಚಪ್ಪಲಿ ಮೆಟಗೊಂಡು ನಿಂದರಲೇನು ನಾ? ಹೊಸಾ ಟಾಯರ್ ಮ್ಯಾಲೆ ನಿಮ್ಮಪ್ಪನ ಬಾಗಲಾ ಮುಂದ ಕಾರ್ ನಿಂದರಬೇಕು. ಎಲ್ಲಾರಿಗೂ ಹೇಳಿಬಿಟ್ಟೇನಿ!"

"ನಿಂದರಸ್ರಿ, ಯಾರ ಬ್ಯಾಡ ಅಂದಾರ? ಆದ್ರ ಕಾರಿನ ಬಾಗಲಾ ತಗದ್ರ ಒಳಗಿನ ಚೌಕಟ್ಟಿಗಿ ಒಂದು ಚೀಟಿ ಹಚ್ಚಿರತಾರ. ಯಾ ಸೈಜಿನ ಟಾಯರ್ ಹಾಕಬೇಕಂತ ಅದರಾಗ ಬರದಿರತೈತಿ. ಅದನ್ನ ಓದಿಕೊಂಡ ಹೋಗ್ರಿ."

"ಚೀಟಿ ಓದಿ ತರಾಕ ಇದೇನ ರೇಶನ್ ಅಕ್ಕಿ ಏನ? ಎತ್ತಿನ ಮೈಮ್ಯಾಲೆ ನಂಬರ್ ಬರದಿರತೈತೇನು? ಎತ್ತು ಆರಿಸೋ ಕಣ್ಣಿಗಿ ಟಾಯರ್ ಯಾ ದೊಡ್ಡ ಮಾತು!"

ಗೀತಾಂಜಲಿ ಬ್ಯಾಗು ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ನೆಲಕ್ಕಂಟಿದಂತಿದ್ದ ಆ ಕಾರಿನಲ್ಲಿ ಕುಳಿತವರನ್ನು ಎಬ್ಬಿಸಲು ಇಬ್ಬರು ಬೇಕು, ಅದಕ್ಕಿಂತ ಬಸ್ಸೇ ವಾಸಿ ಎಂಬುದು ಅವಳ ಬಹುದಿನದ ಅಭಿಪ್ರಾಯ.

ಶ್ರೀಮಂತನ ಜಂಬ ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಿಬಿಡಬೇಕು. ಕನಮಡಿಯಿಂದ ಅರಕೇರಿಯವರೆಗೆ ಯಾರು ಎತ್ತು ಕೊಳ್ಳುವುದಿದ್ದರೂ ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ತುಟಿ ಎತ್ತಿ ಹಲ್ಲು ನೋಡುವನು, ಮೈಮೇಲಿನ ಸುಳಿ ಹುಡುಕುವನು, ಹೆಗಲಿಗೊಂದು ಪೆಟ್ಟು ಕೊಡುವನು, ನಾಲ್ಕು ಹೆಜ್ಜೆ ನಡೆಸಿ ನೋಡುವನು. ಆಮೇಲೆ "ಹೊಡಕೊಂಡ ನಡೀರಿ" ಎಂದರೆ ಮುಗಿಯಿತು, ಆ ಎತ್ತು ಹತ್ತು ವರ್ಷ ಮುಗ್ಗರಿಸುತ್ತಿರಲಿಲ್ಲ. ಅವನ ಮಾವನ ಜೋಡಿ ಎತ್ತುಗಳೂ ಹೀಗೆ ಅವನೇ ಆರಿಸಿದವು.

ಇಂಥ ಮಹಾನುಭಾವನಿಗೆ ಎರಡು ವರ್ಷದ ಹಿಂದೆ, ದ್ರಾಕ್ಷಿಗೆ ಒಳ್ಳೆಯ ದರ ಸಿಕ್ಕ ಹುರುಪಿನಲ್ಲಿ, ಪುಣೆಯಿಂದ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಗಂಟುಬಿತ್ತು. ಎರಡೇ ಬಾಗಿಲು, ಎರಡೇ ಸೀಟು, ಹುಲಿಯ ಗರ್ಜನೆ! ಆದರೆ ಹೊಟ್ಟೆ ಮಾತ್ರ ನೆಲಕ್ಕೆ ಹತ್ತಿಯೇ ಇತ್ತು. ನಮ್ಮ ರಸ್ತೆಯ ಒಂದೊಂದು ಉಬ್ಬಿಗೂ ಅದು ಹೊಟ್ಟೆ ಉಜ್ಜಿಸಿಕೊಂಡು ನರಳುತ್ತಿತ್ತು. ಆಯುಧಪೂಜೆಯ ದಿನ ಶ್ರೀಮಂತ ಅದರ ಬಾಗಿಲೊಳಗಿನ ಚೌಕಟ್ಟಿಗೆ ಜೋಡಿ ಎತ್ತಿನ ಚಿತ್ರವಿರುವ ಒಂದು ದೊಡ್ಡ ಸ್ಟಿಕ್ಕರು ಅಂಟಿಸಿ, ವಿಭೂತಿ ಬಳಿದು, ಕಾಯಿ ಒಡೆದಿದ್ದ. ಅದರ ಅಡಿಯಲ್ಲಿ ಏನೋ ಅಚ್ಚಾಗಿದ್ದ ಚೀಟಿ ಇತ್ತೆಂಬುದನ್ನು ಅವನು ಗಮನಿಸಿರಲೇ ಇಲ್ಲ.

ವಿಜಯಪುರದಲ್ಲಿ ಉಂಗುರದ ಡಬ್ಬಿ ಅಂಗಿಯ ಕಿಸೆ ಸೇರಿದ್ದು ಒಂಬತ್ತಕ್ಕೆ. ಒಂಬತ್ತೂಕಾಲಿಗೆ ಶ್ರೀಮಂತ ಜಾವೀದನ ಟೈರಿನ ಅಂಗಡಿಯಲ್ಲಿದ್ದ. ಜಾವೀದನ ತಂದೆ ಅಮೀನಸಾಬ ದನದ ಸಂತೆಯಲ್ಲಿ ಹೆಸರಾಂತ ದಲ್ಲಾಳಿಯಾಗಿದ್ದವನು. ಅವನೂ ಶ್ರೀಮಂತನೂ ಸೇರಿ ಮಾಡಿಸಿದ ವ್ಯಾಪಾರಗಳಿಗೆ ಲೆಕ್ಕವಿಲ್ಲ. ಆ ಹಳೆಯ ಋಣಕ್ಕೆ ಜಾವೀದ ಎದ್ದು ನಿಂತು ನಮಸ್ಕರಿಸಿದ. ಕಾರಿನ ಸುತ್ತ ಒಮ್ಮೆ ತಿರುಗಿ ತಲೆ ಕೆರೆದುಕೊಂಡ.

"ಕಾಕಾ, ಮುಂದಿನವು ಒಂದು ಸೈಜ್, ಹಿಂದಿನವು ಒಂದು ಸೈಜ್ ಅದಾವು. ಹಿಂದಿನ ಮಾಲಕ ಸಿಕ್ಕಿದ್ದು ಹಾಕ್ಯಾನ. ಬಾಗಲದಾಗಿನ ಚೀಟಿ ನೋಡೂಣು ತಡೀರಿ." ಬಾಗಿಲು ತೆಗೆದರೆ ಜೋಡಿ ಎತ್ತುಗಳು ಅವನನ್ನೇ ನೋಡುತ್ತಿದ್ದವು. "ಕಾಕಾ, ಈ ಸ್ಟಿಕ್ಕರ್ ಸ್ವಲ್ಪ ಕೀಳಲೇನ್ರಿ?"

"ಕೈ ಹಚ್ಚೀ ಜ್ವಾಕಿ! ಪೂಜಾ ಮಾಡಿ ಹಚ್ಚೇನಿ. ನೀ ಟಾಯರ್ ತೋರ್ಸು, ನಾ ಆರಸ್ತೇನಿ."

ಜಾವೀದ ಅಂದಾಜಿನ ಮೇಲೆ ಒಂದು ಟೈರು ತಂದು ನಿಲ್ಲಿಸಿದ. ಅಗಲವಾಗಿತ್ತು, ಆದರೆ ರಿಮ್ಮಿನ ಸುತ್ತ ನಿಲ್ಲುವ ರಬ್ಬರಿನ ಎತ್ತರ ನಾಲ್ಕೇ ಬೆರಳು. ಶ್ರೀಮಂತ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಪಕ್ಕೆಗೊಂದು ಪೆಟ್ಟು ಕೊಟ್ಟ. ಬಗ್ಗಿ ಹಲ್ಲು ನೋಡಿದ.

"ಹೊಟ್ಟಿ ಬೆನ್ನಿಗಿ ಹತ್ತೈತಲ್ಲೋ ಇದರದು! ಮೇವು ಹಾಕಿಲ್ಲೇನು? ಬಬಲೇಶ್ವರದ ಒಂದು ಹಂಪ್ ದಾಟೂದಿಲ್ಲ ಇದು."

"ಸ್ಪೋರ್ಟ್ಸ್ ಕಾರಿನ ಟಾಯರ್ ಹಿಂಗ ಇರತಾವ ಕಾಕಾ."

ಶ್ರೀಮಂತ ಅವನನ್ನು ಬದಿಗೆ ಸರಿಸಿ ಗೋದಾಮಿನೊಳಗೇ ಹೊಕ್ಕ. ಮೂಲೆಯಲ್ಲಿ ಜೀಪಿಗೆಂದು ತರಿಸಿದ್ದ ನಾಲ್ಕು ಟೈರು ಕುಳಿತಿದ್ದವು. ದಪ್ಪ ಮೈ, ಎತ್ತರದ ಪಕ್ಕೆ, ಒಂದೊಂದು ಹಲ್ಲೂ ಹೆಬ್ಬೆರಳಿನಷ್ಟು! ಅವನ ಕಣ್ಣು ತುಂಬಿ ಬಂತು.

"ಇವ ನೋಡು ನಮ್ಮ ಸೀಮಿ ಹೋರಿ! ನಡುವಿನ ತೂತು ಅಷ್ಟ ಐತೆಲ್ಲೋ?"

"ರಿಮ್ಮಿಗೇನೋ ಕೂಡತಾವ್ರಿ. ಆದ್ರ ಎತ್ತರ ಭಾಳ ಆಕ್ಕೈತಿ. ಸ್ಟೇರಿಂಗ್ ತಿರುವಿದ್ರ ಮಡಗಾರ್ಡಿಗಿ ಹತ್ತತಾವು. ಬ್ಯಾಡ ಕಾಕಾ."

ಶ್ರೀಮಂತ ಹೆಗಲ ಟವೆಲು ತೆಗೆದು ಜಾವೀದನ ಕೈಮೇಲೆ ಹಾಸಿದ. ಎತ್ತಿನ ವ್ಯಾಪಾರದಲ್ಲಿ ಬಾಯಿಂದ ದರ ಹೇಳುವುದಿಲ್ಲ. ಟವೆಲಿನಡಿ ಬೆರಳು ಹಿಡಿದೇ ಮಾತು ಮುಗಿಯಬೇಕು. ಜಾವೀದ ದರದ ಗೋಜಿಗೆ ಹೋಗದೆ ಅವನ ಕಿರುಬೆರಳನ್ನು ಜೋರಾಗಿ ಹಿಂಡಿದ. ಅಮೀನಸಾಬ ಬದುಕಿದ್ದಾಗ ಹೀಗೆ ಹಿಂಡಿದರೆ 'ಈ ಎತ್ತು ಬೇಡ' ಎಂದು ಇಬ್ಬರಿಗೂ ತಿಳಿಯುತ್ತಿತ್ತು. ಆಗೆಲ್ಲ ಶ್ರೀಮಂತ ಮಾತು ಕೇಳುತ್ತಿದ್ದ. ಈಗ ಅಮೀನಸಾಬನ ಮಗನ ಮಾತು ಕೇಳಲು ಅವನಿಗೆ ಮನಸ್ಸಾಗಲಿಲ್ಲ. "ಹಾಕು!" ಎಂದ.

ಜಾವೀದ ಹಾಕಿಸಿದ. ಹಾಕಿಸಿ, ರಶೀದಿಯ ಅಡಿಯಲ್ಲಿ 'ಗಿರಾಕಿಯ ಹಟದಿಂದ ಹಾಕಿದ್ದು' ಎಂದು ಬರೆದು ಸಹಿಯನ್ನೂ ತೆಗೆದುಕೊಂಡ.

ಕೆಲಸ ಮುಗಿಯುವಾಗ ಹನ್ನೊಂದು ದಾಟಿತ್ತು. ಊರು ಬಿಟ್ಟ ಮೇಲೆ ಬಂದ ಮೊದಲ ಉಬ್ಬನ್ನು ಕಾರು ಹೊಟ್ಟೆ ಉಜ್ಜದೆ ದಾಟಿತು! ಶ್ರೀಮಂತ ಒಬ್ಬನೇ ಚಪ್ಪಾಳೆ ತಟ್ಟಿದ. ಎರಡನೆಯದನ್ನೂ ದಾಟಿತು! ಮೂರನೆಯದನ್ನು ಬೇಕೆಂದೇ ಜೋರಾಗಿ ದಾಟಿಸಿದ. ಆಮೇಲೊಂದು ತಿರುವು ಬಂತು. ಸ್ಟೇರಿಂಗ್ ತುಸು ಹೆಚ್ಚು ತಿರುವಿದೊಡನೆ ಮುಂದಿನಿಂದ 'ಕರ್‌ರ್‌ರ್' ಎಂದಿತು. ಹೊಸ ಚಪ್ಪಲಿ ಮೊದಲೆರಡು ದಿನ ಕಚ್ಚುವುದಿಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮುಂದಿನ ತಿರುವಿನಲ್ಲಿ ಸುಟ್ಟ ರಬ್ಬರಿನ ವಾಸನೆ ಬಂತು. ಕಿಟಕಿ ಇಳಿಸಿಕೊಂಡ.

ಬಬಲೇಶ್ವರದಲ್ಲಿ ಮಾವನ ಮನೆಯ ಓಣಿ ದೊಡ್ಡ ರಸ್ತೆಯಿಂದ ಬಲಕ್ಕೆ ಕಡಿದಾಗಿ ತಿರುಗುತ್ತದೆ. ಓಣಿಯ ಬಾಯಲ್ಲಿ ಹಲಗೆ ಬಾರಿಸುವವರು, ಆರತಿ ಹಿಡಿದ ಹೆಂಗಸರು, ಜರಿ ರುಮಾಲು ಸುತ್ತಿದ ಮಾವ ಪರಸಪ್ಪ. ಅವರ ಹಿಂದೆ ಇಡೀ ಬಳಗದ ಫೋಟೋಗಳಿರುವ ಆಳೆತ್ತರದ ಫ್ಲೆಕ್ಸು. ಶ್ರೀಮಂತ ಹಾರನ್ ಹೊಡೆದು ಬಲಕ್ಕೆ ತಿರುವಿದ. ಕರ್‌ರ್‌ರ್! ಸ್ಟೇರಿಂಗ್ ಅರ್ಧಕ್ಕೇ ನಿಂತಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರು ಬೊಬ್ಬೆ ಹಾಕುತ್ತಿತ್ತು. ಬೇರೆ ದಾರಿ ಕಾಣದೆ ನಗುನಗುತ್ತ ಎಲ್ಲರಿಗೂ ಕೈಬೀಸಿ ನೆಟ್ಟಗೆ ಮುಂದೆ ಹೋಗಿಬಿಟ್ಟ.

ಊರಾಚೆ ಒಂದು ಬಯಲು ಸಿಕ್ಕಿತು. ಅದರ ಸುತ್ತ ದೊಡ್ಡದೊಂದು ಸುತ್ತು ಹಾಕಿ ವಾಪಸು ಬಂದ. ಈಗ ಓಣಿ ಎಡಕ್ಕೆ. ಕರ್‌ರ್‌ರ್! ಮತ್ತೆ ಕೈಬೀಸಿದ, ಮತ್ತೆ ಮುಂದೆ ಹೋದ. ಇಳಿದು ಇಪ್ಪತ್ತು ಹೆಜ್ಜೆ ನಡೆದರೆ ಮನೆ ಬರುತ್ತಿತ್ತು, ನಿಜ. ಆದರೆ ಬಾಗಿಲ ಮುಂದೆ ಕಾರು ನಿಲ್ಲಿಸುತ್ತೇನೆಂದು ಹೇಳಿದ ಬಾಯಿ ಅವನದೇ ಅಲ್ಲವೇ? ಮೂರನೆಯ ಸಲ ಹಾದುಹೋಗುವಾಗ ಕೈಬೀಸುವಷ್ಟು ಧೈರ್ಯವೂ ಉಳಿಯಲಿಲ್ಲ. ಮುಖ ಬೇರೆ ಕಡೆ ಮಾಡಿಕೊಂಡು ಹೋಗಿ ಬೇವಿನ ಮರದಡಿ ನಿಂತ.

ಓಣಿಯ ಬಾಯಲ್ಲಿ ಹಲಗೆ ನಿಂತುಹೋಗಿತ್ತು. ಹಿರಿಯ ಅಳಿಯ ಮೂರು ಸಲ ಬಂದು, ಮೂರು ಸಲವೂ ಒಳಗೆ ಬಾರದೆ, ಕಡೆಗೆ ಮುಖ ತಿರುಗಿಸಿಕೊಂಡು ಹೋದನೆಂದರೆ ಅರ್ಥವೇನು? ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು: ಅಳಿಯ ಮುನಿಸಿಕೊಂಡಿದ್ದಾನೆ! ಅದೂ ವರನ ಉಂಗುರ ಕಿಸೆಯಲ್ಲಿಟ್ಟುಕೊಂಡು! ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಡಿಯಾರ ಹನ್ನೆರಡು ತೋರಿಸುತ್ತಿತ್ತು.

ಐದು ಮೋಟರ್ ಸೈಕಲ್ಲುಗಳು ಬೇವಿನ ಮರದತ್ತ ಧಾವಿಸಿದವು. ಮೊದಲನೆಯದರಿಂದ ಮೈದುನ ರಾಮಲಿಂಗ, ಅಂದರೆ ಕನ್ಯೆಯ ತಂದೆ, ಹಾರಿ ಇಳಿದು ಕೈಮುಗಿದ.

"ಮಾಮಾ, ತಪ್ಪಾತು! ಫ್ಲೆಕ್ಸಿನಾಗ ನಿಮ್ಮ ಫೋಟೋ ಕೆಳಗಿನ ಮೂಲಿಗಿ ಹಾಕ್ಯಾರ. ಆ ಪ್ರಿಂಟಿಂಗದವ ಮಾಡಿದ್ದು ನೋಡ್ರಿ!"

ಟೈರಿನ ಮುಂದೆ ಮಂಡಿಯೂರಿ ಕುಳಿತಿದ್ದ ಶ್ರೀಮಂತ ಸರಕ್ಕನೆ ಎದ್ದ. ಬಚಾವಾದೆ ಎಂದುಕೊಂಡ. ಮರುಕ್ಷಣವೇ ಮಾತು ತಲೆಗೆ ಇಳಿಯಿತು. "ಏನಂದಿ? ನನ್ನ ಫೋಟೋ ಕೆಳಗಿನ ಮೂಲ್ಯಾಗ? ಮ್ಯಾಲೆ ಯಾರನ್ನ ಹಾಕೀರಿ?"

"ಸಣ್ಣ ಅಳಿಯನ್ನ," ಎಂದ ರಾಮಲಿಂಗ ನೆಲ ನೋಡುತ್ತ.

ಈಗ ಅವನಿಗೆ ನಿಜವಾಗಿಯೇ ಸಿಟ್ಟು ಬಂತು! ಸುಳ್ಳು ಸಿಟ್ಟೂ ನಿಜವಾದ ಸಿಟ್ಟೂ ಕೂಡಿ ಅವನ ಮೀಸೆ ಕುಣಿಯಿತು. ಇನ್ನೊಂದು ಗಾಡಿಯಿಂದ ಇಳಿದ ಪರಸಪ್ಪ ಮುಂದೆ ಬಂದು ತನ್ನ ತಲೆಯ ಜರಿ ರುಮಾಲನ್ನೇ ತೆಗೆದು ಅವನ ತಲೆಗೆ ಸುತ್ತಿದ.

"ಅಳ್ಯಾರ, ನಿಮ್ಮ ಮಾನ ಹಲಗಿ ಬಾರಿಸಿ ಮಾಡತೇವಿ. ಕಾರ್ ತಿರುವ್ರಿ, ಬಾಗಲಾ ಮುಂದ ನಿಂದರಸ್ರಿ. ಲಗ್ನದ ಫ್ಲೆಕ್ಸಿನಾಗ ನಿಮ್ಮ ಫೋಟೋ ಎಲ್ಲಾರಕಿಂತ ಮ್ಯಾಲೆ, ಎಲ್ಲಾರಕಿಂತ ದೊಡ್ಡದು!"

"ಕಾರ್ ಇಲ್ಲೇ ಇರಲಿ. ನಾ ನಡಕೊಂಡ ಬರ್ತೇನಿ," ಎಂದ ಶ್ರೀಮಂತ ಮೆಲ್ಲಗೆ.

"ಅಂದ್ರ ಸಿಟ್ಟು ಇನ್ನೂ ಹೋಗಿಲ್ಲ!" ಎಂದು ಎಲ್ಲರೂ ಒಂದೇ ಉಸಿರಿಗೆ ಕೂಗಿದರು. ರಾಮಲಿಂಗ ಕಾರಿನೊಳಗೆ ನುಗ್ಗಿ ಚಾಲೂ ಮಾಡಿ, ಟ್ರ್ಯಾಕ್ಟರು ತಿರುವುವ ತೋಳಿನಿಂದ ಸ್ಟೇರಿಂಗನ್ನು ಪೂರ್ತಿ ತಿರುವಿಯೇ ಬಿಟ್ಟ. ಕರ್‌ರ್‌ರ್, ಟಪ್! ಮಡಗಾರ್ಡಿನೊಳಗಿನ ಪ್ಲಾಸ್ಟಿಕ್ಕು ಹರಿದು ಟೈರಿಗೆ ಸುತ್ತಿಕೊಂಡಿತು. ಬಿಳಿ ಹೊಗೆ ಎದ್ದಿತು. ಕಾರು ರಸ್ತೆಗೆ ಅಡ್ಡಲಾಗಿ ನಿಂತಿತು. ಆ ಕಡೆಯಿಂದ ಬಂದ ಸರಕಾರಿ ಬಸ್ಸೂ ನಿಂತಿತು.

ಅಷ್ಟರಲ್ಲಿ ಗೀತಾಂಜಲಿ ಯಾರದೋ ಗಾಡಿಯ ಹಿಂದೆ ಕುಳಿತು ಬಂದಳು. ಮೊದಲು ಗಂಡನ ಕಿಸೆಗೆ ಕೈಹಾಕಿ ಉಂಗುರದ ಡಬ್ಬಿ ತೆಗೆದು ತಮ್ಮನ ಕೈಗಿಟ್ಟಳು. "ನೀ ಓಡು. ಉಂಗುರ ತೊಡಸ್ರಿ, ನಮ್ಮ ಹಾದಿ ಕಾಯಬ್ಯಾಡ್ರಿ." ಆಮೇಲೆ ಟೈರು ನೋಡಿದಳು, ಹೊಗೆ ನೋಡಿದಳು. ಕಾರಿನ ಬಾಗಿಲು ತೆಗೆದು ಜೋಡಿ ಎತ್ತಿನ ಸ್ಟಿಕ್ಕರನ್ನು ಒಂದೇ ಎಳೆತಕ್ಕೆ ಕಿತ್ತಳು. ಬಸ್ಸಿನ ಅಷ್ಟೂ ಕಿಟಕಿಗಳಿಂದ ತಲೆಗಳು ಹೊರಬಂದವು.

"205/45 ಆರ್ 17," ಎಂದು ಗಟ್ಟಿಯಾಗಿ ಓದಿದಳು. "ಇಲ್ಲೇ ಇತ್ತಲ್ರಿ!"

ಮುನಿಸಿನ ಗುಟ್ಟು ರಟ್ಟಾಯಿತು. ಪರಸಪ್ಪ ನಗು ತಡೆಯಲಾರದೆ ಬೇವಿನ ಮರ ಹಿಡಿದುಕೊಂಡ. ಶ್ರೀಮಂತ ರುಮಾಲು ತೆಗೆಯಲು ಹೋದರೆ ಮಾವನೇ ಬೇಡವೆಂದು ತಡೆದ. ನಿಜ ಹೇಳಬೇಕೆಂದರೆ ಶ್ರೀಮಂತನಿಗೆ ಆ ಗಳಿಗೆಯಲ್ಲಿ ನಾಚಿಕೆಯೂ ಆಯಿತು, ಉಂಗುರ ಹೊತ್ತಿಗೆ ಮುಟ್ಟಿತಲ್ಲ ಎಂದು ಜೀವವೂ ಹಗುರವಾಯಿತು.

ಕಾರು ಎಳೆಯಲು ಟ್ರ್ಯಾಕ್ಟರು ಸಿಗಲಿಲ್ಲ, ಎಲ್ಲವೂ ಕಬ್ಬಿಗೆ ಹೋಗಿದ್ದವು. ಕಡೆಗೆ ಪರಸಪ್ಪನ ಜೋಡಿ ಎತ್ತುಗಳೇ ಬಂದವು, ಶ್ರೀಮಂತನೇ ಹಲ್ಲು ನೋಡಿ ಆರಿಸಿದ ಎತ್ತುಗಳು. ಬಸ್ಸಿನಿಂದ ಹತ್ತು ಜನ ಇಳಿದು ಕಾರಿನ ಮೂತಿ ಎತ್ತಿ ನೆಟ್ಟಗಿಟ್ಟರು. ಚಕ್ರ ಅಲ್ಲಾಡದಂತೆ ಸ್ಟೇರಿಂಗ್ ಹಿಡಿಯಲು ಶ್ರೀಮಂತ ಜರಿ ರುಮಾಲಿನ ಸಮೇತ ಒಳಗೆ ಕುಳಿತ. ಮುಂದೆ ಹಲಗೆ, ಅದರ ಹಿಂದೆ ಎತ್ತು, ಅದರ ಹಿಂದೆ ಕೆಂಪು ಸ್ಪೋರ್ಟ್ಸ್ ಕಾರು! ಓಣಿಯ ಬಾಯಲ್ಲಿ ಮತ್ತೊಮ್ಮೆ ಮೂತಿ ಎತ್ತಿ ತಿರುವಿದರು. ಕೊಟ್ಟ ಮಾತಿನಂತೆ ಕಾರು ಮಾವನ ಬಾಗಿಲ ಮುಂದೆಯೇ ನಿಂತಿತು.

"ಎತ್ತು ಮಾತ್ರ ಚಲೋ ಆರಿಸ್ಯಾರ ಬಿಡ್ರಿ ಅಳ್ಯಾರು!" ಎಂದರು ಬೀಗರು.

ಗೀತಾಂಜಲಿ ಗಂಡನನ್ನು ಕಾರಿನಿಂದ ಎಬ್ಬಿಸಲು ಒಂದು ಕೈ ಕೊಟ್ಟಳು. ಇನ್ನೊಂದು ಕೈಯಿಂದ ಎತ್ತಿನ ಕಿವಿ ತೋರಿಸಿದಳು. ದನದ ಡಾಕ್ಟರು ಚುಚ್ಚಿದ ಹಳದಿ ಬಿಲ್ಲೆಯಲ್ಲಿ ಹನ್ನೆರಡು ಅಂಕಿಯ ನಂಬರು ಎದ್ದು ಕಾಣುತ್ತಿತ್ತು.

"ಎತ್ತಿನ ಮೈಮ್ಯಾಲೆ ನಂಬರ್ ಇರತೈತೇನು ಅಂತ ಕೇಳಿದ್ರೆಲ್ಲ ಮುಂಜಾನೆ? ನೋಡಿಕೊಳ್ರಿ."

ಶ್ರೀಮಂತ ನೋಡಿಕೊಂಡ. ಮರುದಿನ ಜಾವೀದನ ಅಂಗಡಿಗೆ ಹೋಗಿ, ತಾನಾಗಿಯೇ ಅವನ ಕೈಮೇಲೆ ಟವೆಲು ಹಾಸಿ, ಕಿರುಬೆರಳನ್ನು ಅವನಿಗೆ ಒಪ್ಪಿಸಿ ನಿಂತ. ಜಾವೀದ ಈ ಸಲ ಹಿಂಡಲಿಲ್ಲ, ಮೆಲ್ಲಗೆ ಹಿಡಿದುಕೊಂಡು ನಕ್ಕ. ಆ ಮೊದಲ ನಾಲ್ಕು ಬೆರಳೆತ್ತರದ ಟೈರು ತಂದ.

ತಿಂಗಳೊಪ್ಪತ್ತಿಗೆ ಲಗ್ನ ಬಂತು. ಪರಸಪ್ಪ ಮಾತು ತಪ್ಪುವ ಮನುಷ್ಯನಲ್ಲ. ಓಣಿಯ ಬಾಯಲ್ಲಿ ನಿಂತ ಫ್ಲೆಕ್ಸಿನಲ್ಲಿ, ಸಣ್ಣ ಅಳಿಯನಿಗಿಂತ ಮೇಲೆ, ವಧೂವರರಿಗಿಂತಲೂ ದೊಡ್ಡದಾಗಿ ಶ್ರೀಮಂತನ ಫೋಟೋ ಇತ್ತು: ಜರಿ ರುಮಾಲು ಸುತ್ತಿ, ಸ್ಟೇರಿಂಗ್ ಹಿಡಿದು, ಎತ್ತುಗಳ ಬಾಲದ ಹಿಂದೆ. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ಹೆಸರು. ಹೆಸರಿನ ಕೆಳಗೆ ಎಲ್ಲರಿಗೂ ಮೊಬೈಲ್ ನಂಬರು ಹಾಕಿಸಿದ ಜಾಗದಲ್ಲಿ, ಇವನಿಗೆ ಮಾತ್ರ ಗೀತಾಂಜಲಿ ತಾನೇ ಬರೆದುಕೊಟ್ಟು ಹಾಕಿಸಿದ್ದಳು: 205/45 ಆರ್ 17.