ಬಾಯಿ ಮುಚ್ಚಿ ಓದುವ ತಾಸು

ಸಾಲಿಯಲ್ಲಿ ಗದ್ದಲವಾದರೆ ಯಾರಿಗೂ ಏನೂ ಅನಿಸುವುದಿಲ್ಲ. ಬನಹಟ್ಟಿಯ ಕನ್ನಡ ಸಾಲಿಯೊಂದರಲ್ಲಿ ನಾನು ಮಾಸ್ತರಿಕೆ ಮಾಡಿದಷ್ಟು ಕಾಲ ನನಗೆ ಬಂದ ಫಜೀತಿಗಳೆಲ್ಲ ಮಕ್ಕಳು ಸುಮ್ಮನೆ ಕೂತಾಗಲೇ ಬಂದವು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಆಗಿನ್ನೂ ಜಮಖಂಡಿ ಸಂಸ್ಥಾನದ ಕಾಲ. ಓದುವುದೆಂದರೆ ಎಲ್ಲರೂ ಕೂಡಿ ಒದರುವುದು. ಒಬ್ಬ ಮುಂದೆ ನಿಂತು ಒಂದು ಸಾಲು ಹೇಳಬೇಕು, ಉಳಿದವರು ಮಾಡು ಹಾರುವಂತೆ ಅದನ್ನೇ ಒದರಬೇಕು. ಒಂದು ದಿನ ಈ ಒದರಾಟದಲ್ಲಿ ಹಿಂದೆ ಕೂತ ಹುಡುಗನೊಬ್ಬ ಎಲ್ಲರಿಗಿಂತ ಹುರುಪಿನಿಂದ ಬಾಯಿ ಆಡಿಸುವುದನ್ನು ಕಂಡು, ಬೆನ್ನು ತಟ್ಟೋಣವೆಂದು ಹತ್ತಿರ ಹೋದೆ. ಅವನು ಪುಠಾಣಿ ತಿನ್ನುತ್ತಿದ್ದ.

ಅಂದೇ ನನ್ನ ಎರಡನೇ ಇಯತ್ತೆಯ ವರ್ಗಕ್ಕೆ ಒಂದು ರೂಢಿ ಹಾಕಿದೆ. ಮಧ್ಯಾಹ್ನದ ಊಟದ ಸೂಟಿ ಮುಗಿದ ಮೇಲೆ ಒಂದು ತಾಸು, ಪ್ರತಿಯೊಬ್ಬರೂ ಬೇಕಾದ ಪುಸ್ತಕ ಹಿಡಿದು ತಮ್ಮಷ್ಟಕ್ಕೆ ಮನಸ್ಸಿನಲ್ಲಿ ಓದಬೇಕು. ಮುಂಜಾನೆ ಬಂದ ಕೂಡಲೆ ಪಾಟಿಯ ಮೇಲೆ ತಮ್ಮಷ್ಟಕ್ಕೆ ಏನಾದರೂ ಬರೆಯಬೇಕು. ಇಷ್ಟೇ ನಾನು ಮಾಡಿದ್ದು.

ಯಾರು ಹೋದರು?

ಮೊದಲ ದಿನ ಮಕ್ಕಳು ಹೇಗೋ ಸುಮ್ಮನಾದವು. ಸ್ವಲ್ಪ ಹೊತ್ತಿಗೆ ಸಾಲಿಯ ಗೋಡೆಗೆ ಹತ್ತಿದ ಮನೆಯಲ್ಲಿ ಮಗ್ಗದ ಸಪ್ಪಳ ನಿಂತಿತು. ಆ ಮನೆಯ ನೇಕಾರ ಬಂದು ಕಿಟಕಿಯಲ್ಲಿ ಮುಖ ಇಟ್ಟ.

“ಮಾಸ್ತರ, ಯಾರು ಹ್ವಾದ್ರು?”

“ಎಲ್ಲಿಗೆ?”

“ಅರಮನ್ಯಾಗ್ರಿ. ಸಾಲಿ ಬಂದ್ ಮಾಡೀರಲ್ಲ.”

“ಯಾರೂ ಹೋಗಿಲ್ಲೋ ಮಾರಾಯಾ. ಮಕ್ಕಳು ಓದಾಕತ್ತಾವು.”

ಅವನು ಮಕ್ಕಳ ಮುಚ್ಚಿದ ಬಾಯಿಗಳನ್ನು ಒಂದೊಂದಾಗಿ ನೋಡಿದ. “ಆತು ಬಿಡ್ರಿ. ಹೇಳಬಾರದಂದ್ರ ಹೇಳಬ್ಯಾಡ್ರಿ,” ಅಂದು ಹೋದ.

ಸಂಜೆ ಪೇಟೆಗೆ ಹೋದರೆ ಅರ್ಧ ಅಂಗಡಿಗಳ ಬಾಗಿಲು ಹಾಕಿತ್ತು. ಕಟ್ಟೆಯ ಮೇಲೆ ಕೂತ ನಾಲ್ಕು ಜನ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದರು. ನಾನು ಅಂಗಡಿಯಿಂದ ಅಂಗಡಿಗೆ ತಿರುಗಿ, ಅರಮನೆಯಲ್ಲಿ ಎಲ್ಲರೂ ಆರಾಮವಾಗಿದ್ದಾರೆ, ಹುಡುಗರು ಓದುತ್ತಿದ್ದರು ಅಷ್ಟೇ ಎಂದು ತಿಳಿಸಿ ಹೇಳಿದೆ. ನೂಲಿನ ವ್ಯಾಪಾರಿಯೊಬ್ಬ ಬಾಗಿಲ ಹಲಗೆಗಳನ್ನು ತೆಗೆಯುತ್ತ ಬೇಸರದಿಂದ ಹೇಳಿದ:

“ಮಾಸ್ತರ, ಇನ್ನ ಮುಂದ ಮಕ್ಕಳನ್ನ ಓದಸೂದಿದ್ರ ಒಂದಿನ ಮೊದಲ ಡಂಗುರ ಹೊಡಸ್ರಿ.”

ಸಾಧು ಪ್ರಾಣಿ

ಬರೆಯುವ ಕೆಲಸ ಓದಿನಷ್ಟು ತೊಂದರೆ ಕೊಡಲಿಲ್ಲ. “ಏನ್ ಬರೀಲ್ರಿ?” ಅಂದವರಿಗೆಲ್ಲ “ನೀ ಮನ್ಯಾಗ ಕಂಡದ್ದು ಬರಿ” ಅಂದೆ. ಪಾಟಿಗಳು ಬಂದವು. ಎಲ್ಲ ಪಾಟಿಯ ಮೇಲೂ ಒಂದೇ: ಆಕಳು ಸಾಧು ಪ್ರಾಣಿ, ಅದಕ್ಕೆ ನಾಲ್ಕು ಕಾಲು, ಅದು ಹಾಲು ಕೊಡುತ್ತದೆ.

ಒಬ್ಬನನ್ನು ಕರೆದೆ. “ನಿಮ್ಮ ಮನ್ಯಾಗ ಆಕಳ ಐತೇನು?”

“ಇಲ್ರಿ.”

“ಮತ್ತೇನೈತಿ?”

“ಮಗ್ಗ ಐತ್ರಿ.”

“ಹಂಗಾದ್ರ ಮಗ್ಗದ ಮ್ಯಾಲ ಬರಿ. ನಿನ್ನ ಸ್ವಂತ ಮಾತಿನಾಗ ಬರಿ. ಯಾರ ಪಾಟೀನೂ ನೋಡಬ್ಯಾಡ.”

ಅವನು ಗೋಡೆಗೆ ಮುಖ ಮಾಡಿ ಕೂತು ಬಹಳ ಹೊತ್ತು ಬರೆದ. ತಂದು ತೋರಿಸಿದ: “ಮಗ್ಗವು ಸಾಧು ಪ್ರಾಣಿ. ಅದಕ್ಕೆ ನಾಲ್ಕು ಕಾಲು. ಅದು ಸೀರೆ ಕೊಡುತ್ತದೆ.”

ತಪ್ಪು ತೆಗೆಯಲು ಕಡ್ಡಿ ಹಿಡಿದವನು ಎಲ್ಲಿ ತೆಗೆಯಬೇಕೆಂದು ತಿಳಿಯದೆ ಕೂತೆ. ಅಷ್ಟರಲ್ಲಿ ಅವನ ಬಾಜೂ ಕೂತವನೂ ಸ್ವಂತ ಮಾತಿನಲ್ಲಿ ಬರೆದು ತಂದ. “ನಮ್ಮ ಮಾಸ್ತರರಿಗೆ ಎರಡು ಕಾಲು. ಸಾಧು ಅಲ್ಲ.”

ಎರಡನೇ ಇಯತ್ತೆಯ ಆಯಿ

ಒಬ್ಬ ಹುಡುಗ ಈ ಓದಿನ ಚಟವನ್ನು ಮನೆಗೂ ಒಯ್ದ. ಮರುದಿನ ಅವನ ಆಯಿ, ಅಂದರೆ ಅಜ್ಜಿ, ಅವನ ರಟ್ಟೆ ಹಿಡಿದುಕೊಂಡು ಸಾಲಿಗೆ ಬಂದಳು. ಹಣೆ ತುಂಬ ಗುಡಿಯ ಅಂಗಾರದ ಬೂದಿ ಬಡಿದಿದ್ದಳು, ಅವನ ಹಣೆಗೆ.

“ಏನ್ ಮಾಡೀರಿ ಮಾಸ್ತರ, ನನ್ನ ಮೊಮ್ಮಗಗ? ಮೂಲ್ಯಾಗ ಕುಂತು ಪುಸ್ತಕ ನೋಡಿ ತಾನ ನಗತಾನ. ಗಾಳಿ ಹೊಕ್ಕೈತಿ ಇವಗ.”

“ಕಥಿ ಓದಿ ನಗತಾನ ಆಯಿ.”

“ಯಾರೂ ಹೇಳದ ಕಥಿ ಹೆಂಗ ಕೇಳಸತೈತಿ?”

ಹುಡುಗನಿಗೆ ಆ ಕಥೆಯನ್ನು ಗಟ್ಟಿಯಾಗಿ ಓದಲು ಹೇಳಿದೆ. ಕಥೆಯಲ್ಲಿ ಒಬ್ಬ ಕಳ್ಳ ಒಂದು ಮನೆಗೆ ಕನ್ನ ಹಾಕಿ ಒಳಗೆ ನುಸುಳುತ್ತಿದ್ದ, ನಡುವೆಯೇ ಸಿಕ್ಕಿಕೊಂಡ. ಆಯಿ ಮೊದಲು ನಿಂತಿದ್ದಳು, ಆಮೇಲೆ ಕೂತಳು, ಆಮೇಲೆ ನಕ್ಕಳು. ಕಳ್ಳ ಇನ್ನೂ ಕನ್ನದಲ್ಲಿ ಇರುವಾಗಲೇ ಗಂಟೆ ಬಾರಿಸಿತು. ಉಳಿದದ್ದು ನಾಳೆ ಅಂದೆ.

ಮರುದಿನ ಮಕ್ಕಳಿಗಿಂತ ಮೊದಲು ಬಂದು ಕೂತಿದ್ದಳು. ಅದರ ಮರುದಿನವೂ. ಯಾವ ಹುಡುಗ ನಕ್ಕರೂ ಅವನ ಮೊಣಕೈ ತಿವಿದು “ಏನಾತಲೇ? ನನಗೂ ಹೇಳಲೇ” ಅನ್ನುವಳು. ಒಂದು ದಿನ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಮಕ್ಕಳ ನಡುವೆ ಕೂತ ಆಯಿಯನ್ನು ಬಹಳ ಹೊತ್ತು ನೋಡಿದರು.

“ಎರಡನೇ ಇಯತ್ತೆಗೆ ವಯಸ್ಸು ತುಸು ಹೆಚ್ಚಾತಲ್ರಿ ಮಾಸ್ತರ,” ಅಂದು ಹೋದರು.

ಹರಿದ ಪಾನು

ನಮ್ಮ ಕಪಾಟಿನಲ್ಲಿ ಪುಸ್ತಕಗಳು ಕಡಿಮೆ. ಒಬ್ಬ ಹುಡುಗ ಮಾತ್ರ ದಿನಾ ಒಂದೇ ಹುಲಿಯ ಕಥೆ ತೆಗೆಯುತ್ತಿದ್ದ.

“ಬ್ಯಾರೆ ಓದಲೇ. ಇದು ಬಾಯಿಪಾಠ ಆಗಿರಬೇಕಲ್ಲ.”

“ಹುಲಿ ನೀರ ಕುಡ್ಯಾಕ ಹೊಳಿಗೆ ಬಂದೈತ್ರಿ. ನೀರಾಗ ಮೊಸಳಿ ಐತಿ. ಮುಂದಿನ ಪಾನು ಹರದ ಹೋಗೈತ್ರಿ.”

“ಮತ್ತ ದಿನಾ ಯಾಕ ಓದತಿ?”

“ಇವತ್ತರ ಕುಡದೈತೇನೋ ಅಂತ್ರಿ.”

ಮುಂದಿನದನ್ನು ನೀನೇ ಬರಿ ಅಂದೆ. ಅವನ ಮುಖವೇ ಅರಳಿತು. ತುಂಬ ಯೋಚನೆ ಮಾಡಿ ಬರೆದ: “ಹುಲಿ ನೀರು ಕುಡಿಯಲಿಲ್ಲ. ಹೊಳ್ಳಿ ಮನೆಗೆ ಹೋಯಿತು. ಮನೆಯಲ್ಲಿ ಮಜ್ಜಿಗೆ ಇತ್ತು.”

ತಪಾಸಣೆ

ಕಡೆಗೆ ಊರ ಹಿರಿಯರು ಅರ್ಜಿ ಕೊಟ್ಟರು. ಮಾಸ್ತರ ಕಲಿಸುವುದಿಲ್ಲ, ಮಕ್ಕಳ ಜೋಡಿ ತಾನೂ ಸುಮ್ಮನೆ ಕೂಡುತ್ತಾನೆ ಎಂದು. ಅದು ಖರೆ. ನಾನೂ ಒಂದು ಪುಸ್ತಕ ಹಿಡಿದು ಕೂಡುತ್ತಿದ್ದೆ.

ಹೆಡ್‌ಮಾಸ್ತರರು ಕರೆದು ಹೇಳಿದರು: “ಸಾಲಿ ತಪಾಸಣಿಗೆ ದೀಪೋಟಿ ಸಾಹೇಬರು ಬರತಾರ. ಮೆಚ್ಚಿದ್ರ ಛಲೋ ಆತು. ಇಲ್ಲಂದ್ರ ಈ ತಾಸು ಬಂದ್, ನಿಮ್ಮ ಬದಲಿ ಹೊಳಿ ಆಚಿ ಹಳ್ಳಿಗೆ.”

ನಮ್ಮ ಮನೆಯಾಕೆ ಅಂದೇ ಭಾಂಡಿ ಪಾತ್ರೆ ಕಟ್ಟಲು ಹಗ್ಗ ಹುಡುಕಿದಳು. ನನಗೆ ಬೇರೆ ಊರಿಗೆ ಹೋಗುವ ಅಂಜಿಕೆ ಇರಲಿಲ್ಲ, ಈ ಮಕ್ಕಳು ಮತ್ತೆ ಒದರಲು ಹತ್ತುತ್ತಾರಲ್ಲ ಎಂಬ ಸಂಕಟ.

ಆ ತಾಸಿಗೆ ಮಕ್ಕಳೇ ಕಾಯದೆ ಮಾಡಿಕೊಂಡಿದ್ದರು. ಒಳಗೆ ಬಂದವರು ಪುಸ್ತಕ ತೆಗೆದುಕೊಂಡು ಕೂಡಬೇಕು. ಬಾಯಿ ಬಿಟ್ಟವರು ಗಂಟೆ ಬಾರಿಸುವ ತನಕ ಹೊರಗೆ ನಿಲ್ಲಬೇಕು. ನೋಡಿಕೊಳ್ಳಲು ವಾರಕ್ಕೊಬ್ಬರ ಪಾಳಿ. ಆ ವಾರದ ಪಾಳಿ ವರ್ಗದಲ್ಲಿ ಎಲ್ಲರಿಗಿಂತ ಗಿಡ್ಡ ಇದ್ದ ಹುಡುಗಿಯದು.

ಅದೇ ತಾಸಿನಲ್ಲಿ ಟಾಂಗಾದಿಂದ ಇಳಿದ ಸಾಹೇಬರು ನೆಟ್ಟಗೆ ನಮ್ಮ ವರ್ಗಕ್ಕೆ ಬಂದರು. ಮರಾಠಿ ಮನೆತನದವರು. ಕನ್ನಡ ಮಾತು ಚೆನ್ನಾಗಿ ಬರುತ್ತಿತ್ತು, ಓದುವುದನ್ನು ಈಚೆಗೆ ಕಲಿತಿದ್ದರು.

ನಾನು ಎದ್ದು ನಮಸ್ಕಾರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ನನ್ನ ಕಡೆ ಕಣ್ಣು ಕೆಕ್ಕರಿಸಿದಳು. ಕೂತೆ. ಅವಳು ಸಾಹೇಬರ ಕೈಗೆ ಒಂದು ಪುಸ್ತಕ ಕೊಟ್ಟು ಚಾಪೆ ತೋರಿಸಿದಳು. ಸಾಹೇಬರು ನನ್ನನ್ನು ನೋಡಿದರು. ನಾನು ಪುಸ್ತಕ ನೋಡಿದೆ. ಅವರು ಬೂಟು ಬಿಚ್ಚಿ ಕೂತರು.

ಸ್ವಲ್ಪ ಹೊತ್ತಿಗೆ ಚಾಪೆಯ ಕಡೆಯಿಂದ ಗುಣುಗುಣು ಬಂತು. “ರಾ... ರಾಜ... ರಾಜನು...”

ಹುಡುಗಿ ಹೋಗಿ ಅವರ ಕಿವಿಯಲ್ಲಿ ಹೇಳಿದಳು. “ಮನಸಿನ್ಯಾಗ ಓದ್ರಿ.”

“ಮನಸಿನ್ಯಾಗ ಓದಾಕತ್ತೇನ ತಂಗಿ!” ಸಾಹೇಬರ ದನಿ ಇಡೀ ಕೋಣೆಗೆ ಕೇಳಿಸಿತು.

ಅವಳು ಬಾಗಿಲು ತೋರಿಸಿದಳು.

ಸಾಹೇಬರು ಒಂದು ಕೈಯಲ್ಲಿ ಬೂಟು, ಒಂದು ಕೈಯಲ್ಲಿ ಪುಸ್ತಕ ಹಿಡಿದು ಹೊರಗೆ ಹೋದರು. ಹೊರಗಿನ ಸಿಪಾಯಿ “ತಪಾಸಣಿ ಮುಗೀತೇನ್ರಿ?” ಅಂದದ್ದು ಕೇಳಿಸಿತು. ಹುಡುಗಿ ಬಾಗಿಲಿನಿಂದ ತಲೆ ಹಾಕಿ ಅವನಿಗೂ “ಶ್!” ಅಂದಳು. ಹೊಳೆ ದಾಟುವ ಹರಿಗೋಲಿನಲ್ಲಿ ಭಾಂಡಿ ಸಮೇತ ಕೂತ ನಮ್ಮ ಮನೆಯಾಕೆ ಕಣ್ಣ ಮುಂದೆ ಬಂದಳು. ಸಾಹೇಬರು ಕಿಟಕಿಯ ಹೊರಗೆ ನಿಂತು ನೋಡುತ್ತಲೇ ಇದ್ದರು. ಒಂದು ಮಗುವೂ ತಲೆ ಎತ್ತಲಿಲ್ಲ.

ಗಂಟೆ ಬಾರಿಸಿತು. ಸಾಹೇಬರು ಒಳಗೆ ಬಂದರು. ಒಬ್ಬನಿಗೆ, ನೀನು ಓದಿದ್ದು ಹೇಳು ಅಂದರು. ಅವನು ನಿಲ್ಲದೆ ಹೇಳಿದ. ಇನ್ನೊಬ್ಬನೂ ಹೇಳಿದ, ಮೂರನೆಯವಳೂ. ಸಾಹೇಬರು ಮೇಜಿನ ಮೇಲೆ ಬಗ್ಗಿ ತಪಾಸಣೆಯ ಪುಸ್ತಕದಲ್ಲಿ ಶೇರೆ ಬರೆದರು: ಈ ತಾಸು ಹೀಗೇ ನಡೆಯಲಿ.

ಹೊರಡುವ ಮುಂದೆ ಅವರು ಆ ಹುಡುಗಿಯ ಎದುರು ಕುಕ್ಕರಗಾಲಿನಲ್ಲಿ ಕೂತರು.

“ಎಲ್ಲಾರೂ ಪಾಸ್ ಆದ್ರು. ನನ್ನನ್ನ ಹೊರಗ ನಿಲ್ಲಿಸಿದ್ಯಲ್ಲ ತಂಗಿ, ನಾ ಪಾಸೋ ನಾಪಾಸೋ?”

ಅವಳು ಅವರ ಕೈಯಿಂದ ಪುಸ್ತಕ ಇಸಿದುಕೊಂಡಳು, ಬೂಟಿನ ಧೂಳು ಹತ್ತಿದ್ದನ್ನು ಲಂಗಕ್ಕೆ ಒರೆಸಿದಳು, ಸ್ವಲ್ಪ ವಿಚಾರ ಮಾಡಿದಳು.

“ನಾಳಿ ಬರ್ರಿ,” ಅಂದಳು. “ಮನ್ಯಾಗ ತುಸು ಓದ್ಕೊಂಡ ಬರ್ರಿ.”