ಎಳ್ಳಮಾವಾಸ್ಯೆಯ ದಿನ ನಾನು ಕೊಟ್ಟ ಎಚ್ಚರಿಕೆ

ವಾಮಾಚಾರ, ನರಬಲಿ, ಗುಪ್ತ ಪಂಥ ಇಂಥವುಗಳ ಕಾದಂಬರಿ ಓದುವ ಚಟ ಇದ್ದವನು ಇಂಡಿ ತಾಲ್ಲೂಕಿನಿಂದ ಹೆಣ್ಣು ತರಬಾರದು. ನಾನು ಎರಡನ್ನೂ ಮಾಡಿಕೊಂಡಿದ್ದೇನೆ. ಆ ಕಾದಂಬರಿಗಳಲ್ಲಿ ಕೆಟ್ಟದ್ದೆಲ್ಲ ನಡೆಯುವುದು ಅಮಾವಾಸ್ಯೆಯ ದಿನ. ನಡೆಯುವ ಮುಂಚೆ ಎಲ್ಲಿಂದಲೋ ಒಂದು ನಿಂಬೆಹಣ್ಣು ಉರುಳಿ ಬರಬೇಕು. ನಮ್ಮ ಕಡೆ ಅಮಾವಾಸ್ಯೆ ಎಂದರೆ ಹೋಳಿಗೆ. ನಿಂಬೆಹಣ್ಣಿನ ಮಾತಂತೂ ಬೇಡವೇ ಬೇಡ. ಇಂಡಿಯ ಸುತ್ತ ಎತ್ತ ನೋಡಿದರೂ ನಿಂಬೆಯ ತೋಟ. ಕಂಡ ಕಂಡ ನಿಂಬೆಹಣ್ಣಿಗೆ ಹೆದರುತ್ತ ಕೂತರೆ ಅಲ್ಲಿ ಬಸ್ಸಿನಿಂದ ಕೆಳಗಿಳಿಯುವ ಹಾಗೇ ಇಲ್ಲ. ನನ್ನ ಹೆಂಡತಿಯ ಅಣ್ಣ ಮಲ್ಲಣ್ಣ ನಮ್ಮ ಮನೆಗೆ ಬಂದಾಗಲೆಲ್ಲ ಒಂದು ಚೀಲ ನಿಂಬೆಹಣ್ಣನ್ನು ಹೊಸ್ತಿಲ ಮೇಲಿಟ್ಟು ಆಮೇಲೆ ಬಾಗಿಲು ಬಡಿಯುತ್ತಾನೆ. ಕಾದಂಬರಿಯಲ್ಲಾದರೆ ಅಷ್ಟಕ್ಕೇ ಮನೆಮಂದಿಯೆಲ್ಲ ರಕ್ತ ಕಾರಬೇಕು. ನಾವು ಉಪ್ಪಿನಕಾಯಿ ಹಾಕುತ್ತೇವೆ.

ನಾನು ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಗ್ರಹಣಕ್ಕೆ ಹೆದರಬೇಡಿ ಎಂದು ಹಗಲೆಲ್ಲ ಮಕ್ಕಳಿಗೆ ಹೇಳಿ, ಸಂಜೆ ಮನೆಗೆ ಬಂದು ಗ್ರಹಣದ ಹೊತ್ತಿಗೆ ಕನ್ಯೆಯ ಎದೆ ಸೀಳುವ ಮಾಂತ್ರಿಕನ ಕತೆ ಓದುತ್ತೇನೆ. ಈ ಚಟ ಹತ್ತಿದ್ದು ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ. ಮಾವನ ಮನೆಗೆ ಹೋಗುವಾಗ ಅಲ್ಲಿ ಬಸ್ಸು ಬದಲಿಸಬೇಕಿತ್ತು, ಬಸ್ಸು ಬೇಗ ಬರುತ್ತಿರಲಿಲ್ಲ, ಪುಸ್ತಕದಂಗಡಿಯಲ್ಲಿ ಬೇರೆ ಏನೂ ಇರುತ್ತಿರಲಿಲ್ಲ. ಹೆಂಡತಿ ಸುನಂದಾ ಈ ಪುಸ್ತಕಗಳನ್ನು ದೇವರ ಕೋಣೆಯ ಗೋಡೆಗೆ ಹೊಂದಿಕೊಂಡ ಕಪಾಟಿನಲ್ಲಿ ಇಡಗೊಡುವುದಿಲ್ಲ. ದೇವರು ಹೆದರುತ್ತಾನೆ ಎಂದಲ್ಲ, ನೋಡಿದವರು ನಗುತ್ತಾರೆ ಎಂದು.

ನಮ್ಮ ಮಗಳು ಅಕ್ಷತಾ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಎಂಜಿನಿಯರು. ಮುದ್ದೇಬಿಹಾಳದ ಕಡೆಯಿಂದ ಬಂದ ಒಳ್ಳೊಳ್ಳೆಯ ಗಂಡುಗಳನ್ನೆಲ್ಲ ಬೇಡವೆಂದಳು. ಯಾಕೆಂದು ತಿಳಿದದ್ದು ಅದೇ ಕಚೇರಿಯ ಪ್ರಸನ್ನ ಎಂಬ ಹುಡುಗನನ್ನು ಮನೆಗೆ ಚಹಾಕ್ಕೆ ಕರೆತಂದಾಗ. ಮದ್ದೂರಿನ ಕಡೆಯವನು. ಬಂದವನೇ ನನ್ನ ಕಪಾಟಿನ ಮುಂದೆ ನಿಂತು, ಇವೆಲ್ಲ ನಾನೂ ಓದಿದ್ದೇನೆ ಸಾರ್ ಎಂದ. ಚಹಾ ಆರುವವರೆಗೆ ನಾವಿಬ್ಬರೂ ನರಬಲಿಯ ಬಗ್ಗೆ ಮಾತಾಡಿದೆವು. ಇಷ್ಟು ಸಂಭಾವಿತ ಹುಡುಗನನ್ನು ನಾನು ನೋಡಿರಲಿಲ್ಲ. ಆದರೆ ನಾನು ಒಪ್ಪಿದರೆ ಆಗಲಿಲ್ಲ, ಸೋದರಮಾವ ಮಲ್ಲಣ್ಣನೂ ಒಪ್ಪಬೇಕು. ಎಳ್ಳಮಾವಾಸ್ಯೆಗೆ ಹುಡುಗನನ್ನು ಅವನ ಹೊಲಕ್ಕೇ ಕರೆದುಕೊಂಡು ಹೋಗುವುದೆಂದು ಸುನಂದಾ ನಿರ್ಧರಿಸಿದಳು. ಹೊರಡುವ ಮುನ್ನ ಅಕ್ಷತಾ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: "ಅಪ್ಪಾ, ಮದಿವಿ ಅಂತ ಆದ್ರ ಇವರ ಜೋಡಿನ. ಇಲ್ಲಂದ್ರ ನನಗ ಮದಿವೀನ ಬ್ಯಾಡ. ಅಲ್ಲಿ ಏನೂ ಎಡವಟ್ಟ ಆಗಬಾರದು." ಆಗಗೊಡುವುದಿಲ್ಲ ಎಂದು ನಾನು ಭರವಸೆ ಕೊಟ್ಟೆ.

ಎಳ್ಳಮಾವಾಸ್ಯೆಯ ದಿನ ನಮ್ಮಲ್ಲಿ ಎಲ್ಲರೂ ರೊಟ್ಟಿ, ಬದನೆಕಾಯಿ ಪಲ್ಯದ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಜೋಳದ ಬೆಳೆಗೆ ಪೂಜೆ ಮಾಡಿ, ಸುತ್ತಲೂ ಅನ್ನ ಚೆಲ್ಲಿ, ಆಮೇಲೆ ಕೂತು ಏಳಲಾಗದಷ್ಟು ಉಣ್ಣುತ್ತೇವೆ. ಹುಟ್ಟಿದಾಗಿನಿಂದ ನೋಡಿದ್ದು. ಆದರೆ ಆ ದಿನ ಪಕ್ಕದಲ್ಲಿ ಪ್ರಸನ್ನ ನಿಂತಿದ್ದ. ಅವನು ಓದಿದ್ದು ಏನೇನು ಎಂಬುದು ನನಗೆ ಗೊತ್ತಿತ್ತು.

ಹೊಲದ ಪಕ್ಕದಲ್ಲೇ ಇರುವ ಮಲ್ಲಣ್ಣನ ಮನೆಯ ಮುಂದೆ ಕಾರಿನಿಂದ ಇಳಿದ ಕೂಡಲೇ ಹೆಂಗಸರೆಲ್ಲ ಅವನನ್ನು ಸುತ್ತುವರಿದು ಕೆಂಪು ನೀರು ನಿವಾಳಿಸಿ ಕಾಲ ಬಳಿ ಚೆಲ್ಲಿದರು. ಹಣೆಯ ತುಂಬ ಕುಂಕುಮ ಬಳಿದರು. ಅವನ ಚೀಲವನ್ನು ಯಾರೋ ಒಳಗೊಯ್ದು ಕೀಲಿ ಹಾಕಿದರು. ಬೀಗರು ಊಟಕ್ಕೆ ಮೊದಲೇ ಹೊರಟುಬಿಡಬಾರದೆಂದು ನಮ್ಮಲ್ಲಿ ಹಾಗೆ ಮಾಡುವುದುಂಟು. ಮಲ್ಲಣ್ಣ ಅವನನ್ನು ಮೇಲಿನಿಂದ ಕೆಳಗೆ ನೋಡಿ, ಯಾವ ನಕ್ಷತ್ರ ಎಂದು ಕೇಳಿದ. ಹಿರಿಯ ಮಗನೋ ಕಿರಿಯ ಮಗನೋ ಎಂದು ಕೇಳಿದ. ಹಿರಿಯವನು ಎಂದದ್ದಕ್ಕೆ, ಚಲೋ ಆತು ಎಂದ. ಯಾವುದೇ ಕಾದಂಬರಿಯಲ್ಲಿ ಹಿರಿಯ ಮಗನಿಗೆ ಏನಾಗುತ್ತದೆ ಎಂದು ನಾನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ದಿನ ಇಲ್ಲೇ ಇದ್ದುಬಿಡುತ್ತೇನೆ ಎನ್ನುವಂತೆ ಮಾಡಬೇಕು ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. "ಎಲ್ಲಿಗೂ ಬಿಡೂದಿಲ್ಲ ನಿಮ್ಮನ್ನ. ಸುಮ್ಮ ಕುಂದರ್ರಿ," ಎಂದ ಮಲ್ಲಣ್ಣ. ಇದು ನಮ್ಮಲ್ಲಿ ಪ್ರೀತಿಯ ಮಾತು. ಮದ್ದೂರಿನಲ್ಲಿ ಇದನ್ನೇ ಕೇಳಿದರೆ ಜನ ಪೊಲೀಸರಿಗೆ ಫೋನು ಮಾಡುತ್ತಾರೆ.

ಹೊಲಕ್ಕೆ ಬರಿಗಾಲಲ್ಲೇ ಹೋಗಬೇಕೆಂದು ಅವನ ಬೂಟು ಬಿಚ್ಚಿಸಿದರು. ಬನ್ನಿಗಿಡದ ಬುಡದಲ್ಲಿ ಕಲ್ಲುಗಳಿಗೆ ಸುಣ್ಣ ಬಳಿದು ಕುಂಕುಮ ಹಚ್ಚಿ ಪಾಂಡವರೆಂದು ಸಾಲಾಗಿ ಕೂರಿಸಿದ್ದರು. ಅವುಗಳ ಮೇಲೆ ಗುಡಿಯ ಹಾಗೆ ಕಟ್ಟಲು ಮಲ್ಲಣ್ಣ ಕುಡಗೋಲಿನಿಂದ ಜೋಳದ ದಂಟು ಕೊಯ್ಯುತ್ತಿದ್ದ, ನಡುನಡುವೆ ಹುಡುಗನ ಕಡೆ ನೋಡಿ ನಗುತ್ತಿದ್ದ. ಆಮೇಲೆ ಚರಗ ಚೆಲ್ಲುವುದು ಶುರುವಾಯಿತು. ಒಬ್ಬರು ಅನ್ನ ಎರಚುತ್ತ ಮುಂದೆ ಕೂಗುತ್ತ ಹೋಗುವುದು, ಹಿಂದಿನವರು ನೀರು ಚಿಮುಕಿಸುತ್ತ ಓಗೊಡುವುದು. ಆ ಕೂಗಿನ ಅರ್ಥ ನನಗೂ ಗೊತ್ತಿಲ್ಲ, ಮಲ್ಲಣ್ಣನಿಗೂ ಗೊತ್ತಿಲ್ಲ. ಪ್ರಸನ್ನನ ಮುಖ ನೋಡಿದೆ. ಬೆವರಿದ್ದ. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ದೇವರ ನಾಮ ಜಪಿಸುತ್ತಿದ್ದಾನೆ ಎಂದುಕೊಂಡೆ. ಹುಡುಗ ಹೆದರಿ ಮದುವೆ ಬೇಡವೆಂದರೆ ಅಕ್ಷತಾ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಊಟಕ್ಕೆ ಮೊದಲು ಅವನನ್ನು ಸ್ವಲ್ಪ ಹೊತ್ತು ಈ ಗದ್ದಲದಿಂದ ಆಚೆ ಕಳಿಸಿದರೆ ಸುಧಾರಿಸಿಕೊಂಡಾನು ಎನಿಸಿತು. ಗಿಡದ ಮರೆಗೆ ಕರೆದು, ಯಾರಿಗೂ ಕೇಳಿಸದಂತೆ ಹೇಳಿದೆ:

"ಹೋಗಬೇಕು ಅನಿಸಿದ್ರ ಈಗ ಹೋಗಿಬಿಡ್ರಿ. ಊಟಕ್ಕ ಕುಂತ ಮ್ಯಾಲೆ ಯಾರೂ ಬಿಡೂದಿಲ್ಲ. ಕಾಲುವಿ ದಂಡಿ ಹಿಡದ್ರ ರೋಡ್ ಸಿಗತೈತಿ."

ಅವನು ನನ್ನನ್ನೇ ನೋಡಿದ. "ಅಕ್ಷತಾಗೆ ಇದು ಗೊತ್ತಾ ಸಾರ್?" ಎಂದ.

ಯಾರಿಗೂ ಹೇಳುವುದು ಬೇಡ ಎಂದೆ. ಅವನು ಕೈ ಮುಗಿದು, ಕಾಲುವೆಯ ಕಡೆ ನಡೆದೇಬಿಟ್ಟ.

ಇಂಥ ಕಾದಂಬರಿಗಳಲ್ಲಿ ಮೊದಲ ಅಧ್ಯಾಯದಲ್ಲೇ ಒಬ್ಬ ಮುದುಕ ಬರುತ್ತಾನೆ. ಈ ಊರಲ್ಲಿ ಇರಬೇಡ, ಹೊರಟುಹೋಗು ಎಂದು ಪಿಸುಗುಟ್ಟಿ ಮಾಯವಾಗುತ್ತಾನೆ. ಆ ಪಾತ್ರ ಯಾರದೆಂದು ನನಗೆ ಹೊಳೆಯುವಷ್ಟರಲ್ಲಿ ಮಲ್ಲಣ್ಣ ಹುಡುಗನನ್ನು ನೋಡಿಬಿಟ್ಟಿದ್ದ. ಉಣ್ಣದೆ ಹೊರಟಿದ್ದಾರೆ, ಹಿಡೀರಿ ಎಂದು ಕೂಗಿ, ಕುಡಗೋಲು ಕೆಳಗಿಡುವುದನ್ನೂ ಮರೆತು ಓಡಿದ. ಅವನ ಹಿಂದೆ ಹೊಸ ಸೀರೆಯ ಹೆಂಗಸರು, ಕುಂಕುಮದ ತಟ್ಟೆ, ನೀರಿನ ತಂಬಿಗೆ, ಕೊನೆಯಲ್ಲಿ ಏದುಸಿರು ಬಿಡುತ್ತ ನಾನು. ಎದೆಮಟ್ಟದ ಜೋಳದ ನಡುವೆ ಬರಿಗಾಲಿನ ಹುಡುಗನ ಬೆನ್ನು ಹತ್ತಿದ ನಮ್ಮ ಕುಟುಂಬವನ್ನು ಕಾಲುವೆಯ ಮೇಲೆ ಹೊರಟಿದ್ದ ಒಬ್ಬ ಸೈಕಲ್ಲಿನವನು ನಿಂತು ನೋಡಿದ, ಆಮೇಲೆ ಬೇಗ ಬೇಗ ಪೆಡಲು ತುಳಿದ.

ಪ್ರಸನ್ನ ಓಡಲಿಲ್ಲ. ಕೂಗು ಕೇಳಿ ನಿಂತ. ಅಕ್ಷತಾಳ ತಂದೆಗೆ ತಾನು ಇಷ್ಟವಿಲ್ಲ, ಹೋಗು ಎಂದರು, ಹೀಗಿರುವಾಗ ಕೂತು ಉಣ್ಣಲು ಮನಸ್ಸಾಗಲಿಲ್ಲ ಎಂದು ಮೆಲ್ಲಗೆ ಹೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಷತಾಳ ಕಣ್ಣು ತುಂಬಿತ್ತು. ನಿನಗೆ ಬೇಡವಾಗಿದ್ದರೆ ನನಗೇ ಹೇಳಬೇಕಿತ್ತು ಅಪ್ಪಾ ಎಂದಳು. ನನಗೆ ಅಲ್ಲೇ ಬಿರುಕುಬಿಟ್ಟ ಎರೆಮಣ್ಣಿನೊಳಗೆ ಇಳಿದುಹೋಗೋಣ ಎನಿಸಿತು. ಬೇರೆ ದಾರಿಯಿಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಕೆಂಪು ನೀರು, ಕೀಲಿ ಹಾಕಿದ ಚೀಲ, ಹಿರಿಯ ಮಗ, ಕೂಗು, ಕುಡಗೋಲು.

ಮಲ್ಲಣ್ಣ ತನ್ನ ಕೈಯಲ್ಲಿದ್ದ ಕುಡಗೋಲನ್ನು ನೋಡಿಕೊಂಡ. "ನಾವು ಇವರನ್ನ ಕಡೀತೇವಿ ಅಂತ ತಿಳಕೊಂಡ್ರೇನ್ರಿ ಮಾಸ್ತರ?" ಎಂದ.

"ನಮ್ಮೂರ ಹಬ್ಬದಲ್ಲಿ ನಿಜವಾಗ್ಲೂ ಕುರಿ ಕಡೀತಾರೆ ಸಾರ್," ಎಂದ ಪ್ರಸನ್ನ. "ಇಲ್ಲಿ ಬರೀ ಬದನೆಕಾಯಿ."

ಹಾಗಾದರೆ ಬೆವರಿದ್ದೇಕೆ, ತುಟಿ ಅಲುಗಿದ್ದೇಕೆ ಎಂದು ಕೇಳಿದೆ. ಬರಿಗಾಲಿಗೆ ಕೊಯ್ದ ಜೋಳದ ಕೂಳೆ ಚುಚ್ಚುತ್ತಿತ್ತಂತೆ. ತುಟಿಯ ವಿಷಯಕ್ಕೆ ಅವನು ನಾಚಿಕೊಂಡ. ಮಗಳನ್ನು ಕೊಡಿ ಎಂದು ಹೇಗೆ ಕೇಳಬೇಕೆಂದು ಬೆಳಗಿನಿಂದ ಮಾತು ಬಾಯಿಪಾಠ ಮಾಡುತ್ತಿದ್ದನಂತೆ. ಊಟಕ್ಕೆ ಮೊದಲು ಕೇಳಿಬಿಡಬೇಕೆಂದು ನಿಶ್ಚಯಿಸಿದ್ದಾಗಲೇ ನಾನು ಗಿಡದ ಮರೆಗೆ ಕರೆದೆನಂತೆ.

ಹಾಗಾದರೆ ಈಗ ಕೇಳಪ್ಪಾ ಎಂದು ನಾನು ಅಂಗಿ ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು ಮುಂದೆ ಬಂದು ನಿಂತೆ. ಅವನು ನನ್ನನ್ನೊಮ್ಮೆ ನೋಡಿದ. ಆಮೇಲೆ ನನ್ನನ್ನು ಬಳಸಿಕೊಂಡು ಮುಂದೆ ಹೋಗಿ, ಕುಡಗೋಲು ಹಿಡಿದು ನಿಂತಿದ್ದ ಮಲ್ಲಣ್ಣನ ಮುಂದೆ ಕೈ ಮುಗಿದು, ಬಾಯಿಪಾಠ ಮಾಡಿದ್ದನ್ನೆಲ್ಲ ಒಂದಕ್ಷರ ತಪ್ಪದೆ ಅವನಿಗೆ ಒಪ್ಪಿಸಿದ.