ಶ್ರೀಕಂಠಾರಾಧ್ಯರ ಮುಳ್ಳಾವಿಗೆ ವಿಜಯ

ಸ್ವಸ್ತಿ! ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದ್ದ ಪುಣ್ಯಯುಗದಲ್ಲಿ, ಮೈಸೂರಿನ ಬಡಾವಣೆಯೊಂದರ ಮೂರನೇ ಅಡ್ಡರಸ್ತೆಯಲ್ಲಿ, ಗರಿಕೆಕುಲಪಾಲಕ, ಕಳೆಕುಲಾಂತಕ, ನಿವೃತ್ತ ಸರ್ವೇಯರ್ ಶ್ರೀಕಂಠಾರಾಧ್ಯರು ರಾರಾಜಿಸುತ್ತಿದ್ದರು. ಎಲೌ ಭೂದೇವಿ, ಅವರು ನಿನ್ನನ್ನು ಚುಚ್ಚಿದ ಕಥೆ ಹೇಳುತ್ತೇನೆ, ನೋವು ಮರೆತು ಕೇಳು.

ಮೊಮ್ಮಗಳ ನಾಮಕರಣಕ್ಕೆ ಬಂದ ಬೀಗರು ಕುರ್ಚಿ ಹಾಕಿಕೊಂಡು ಕೂತು ಕೂತು, ಅವರ ಮರಕತಸನ್ನಿಭ ಹುಲ್ಲುಹಾಸಿನ ನೆಲ ಕಲ್ಲಾಗಿ, ಬೇರಿಗೆ ಗಾಳಿ ನೀರು ಇಳಿಯದೆ, ಹುಲ್ಲು ಹಳದಿಯಾಗಿತ್ತು. ದಸರೆಯ ಮನೆತೋಟ ಸ್ಪರ್ಧೆಗೆ ಹನ್ನೆರಡೇ ದಿನ ಉಳಿದಿತ್ತು. ಕಳೆದ ಸಲದ ಬಹುಮಾನದ ಕಪ್ಪು ಎದುರುಮನೆಯ ಷೋಕೇಸಿನಲ್ಲಿ ಹೊಳೆಯುತ್ತಿತ್ತು.

ಮಾಲಿ ಬೋರಯ್ಯ ಬಂದು ನೋಡಿದ. "ಹಿಂದಿನ ದಿನವೇ ನೆಲ ನೆನೆಸ್ಬೇಕು ಸಾಮಿ. ಆಮೇಲೆ ಗಾಳಿ ಆಡೋ ಹಂಗೆ ಅಲ್ಲಲ್ಲಿ ಪೈಪಿನ ತುಂಡು ಒತ್ತಿ, ತೂತಿನ ಮಣ್ಣ ಕಿತ್ತು ಆಚೆ ತೆಗೀಬೇಕು."

ಆರಾಧ್ಯರ ಮೀಸೆ ಕುಣಿಯಿತು. "ಮೂವತ್ತನಾಲ್ಕು ವರ್ಷ ಸರಪಳಿ ಹಿಡಿದು ಈ ಜಿಲ್ಲೆಯ ನೆಲವನ್ನೆಲ್ಲ ಅಳೆದವನು ನಾನು. ಕೆರೆ, ಗುಡ್ಡ, ಗೋಮಾಳ ನನಗೆ ತಲೆಬಾಗಿವೆ. ಈ ಅಂಗಳಕ್ಕೆ ನನ್ನ ಪಾದವೇ ಸಾಕು."

ಜಾತ್ರೆಯಲ್ಲಿ ಹರಕೆ ಹೊತ್ತವರು ಮೊಳೆ ಮೇಲ್ಮುಖವಾದ ಮುಳ್ಳಾವಿಗೆ ಮೆಟ್ಟುತ್ತಾರಷ್ಟೆ. ಆರಾಧ್ಯರು ಎರಡು ಹಲಗೆಗೆ ಮೊಳೆಗಳನ್ನು ಕೆಳಮುಖವಾಗಿ ಬಡಿದು, ಹಳೆಯ ಸೈಕಲ್ ಟ್ಯೂಬಿನಿಂದ ಕಾಲಿಗೆ ಬಿಗಿದುಕೊಂಡು, ಬೆಳಗಿನ ಆರರ ಮುಹೂರ್ತದಲ್ಲಿ ಒಣನೆಲದ ಮೇಲೆ ಜೋಡುಗಾಲಲ್ಲಿ ಎಗರಿದರು. ಮೊಳೆಗಳು ಬುಡದವರೆಗೂ ಇಳಿದವು. ಇಳಿದವು ಮೇಲೇಳಲಿಲ್ಲ. ಬಾಗಿ ಗಂಟು ಬಿಚ್ಚಲು ಹೊಟ್ಟೆ ಒಪ್ಪಲಿಲ್ಲ. ಎದುರುಮನೆಯವರು ಗೇಟಿಗೆ ಬಂದು ನೋಡಿದಾಗ ನಮ್ಮ ವೀರರು ಸೂರ್ಯನಿಗೆ ಕೈಮುಗಿದು ಬಹಳ ಹೊತ್ತು ನಿಂತೇ ಇದ್ದರು.

ಕಾಫಿ ತಂದ ಧರ್ಮಪತ್ನಿ ಗಿರಿಜಾಂಬೆಗೆ ಎಲ್ಲ ಅರ್ಥವಾಯಿತು. ಎರಡು ಬಕೆಟ್ ನೀರು ತಂದು ಪಾದಕ್ಕೆ ಸುರಿದರು. "ಅಲ್ಲಾಡ್ಬೇಡಿ ಅಂದ್ರೆ. ನೆಲ ನೆನೆಸಿ ಅಂತ ಬೋರಯ್ಯ ಹೇಳಿದ್ನಲ್ಲ, ನಿಮ್ಮನ್ನೂ ಸೇರಿಸೇ ನೆನೆಸ್ತಿದೀನಿ." ಅರ್ಧ ಗಂಟೆಯ ಮೇಲೆ ಮುಳ್ಳಾವಿಗೆಗಳು ಮಣ್ಣುಹೆಂಟೆಗಳ ಸಮೇತ ಕಿತ್ತುಬಂದವು.

ಎಂಟನೆಯ ದಿನ, ಹಳದಿ ಹುಲ್ಲಿನ ನಟ್ಟನಡುವೆ ಎರಡು ಹಸಿರು ಹೆಜ್ಜೆಗಳು ಮೂಡಿದ್ದವು. ಆರಾಧ್ಯರಿಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು, ಹುಲ್ಲು ಸತ್ತಿರಲಿಲ್ಲ. ಅಂದೇ ತಾವಾಗಿ ನೀರು ಬಿಟ್ಟು, ಮಾನ ಬದಿಗಿಟ್ಟು ಬೋರಯ್ಯನಿಗೆ ಫೋನ್ ಮಾಡಿದರು. ಅವನು ಮರುದಿನ ಬಂದು, ಕಾಫಿ ಆರುವುದರೊಳಗೆ ಕೆಲಸ ಮುಗಿಸಿದ.

ಸ್ಪರ್ಧೆಯ ದಿನ ತೀರ್ಪುಗಾರರು ಆ ಹೆಜ್ಜೆಗಳನ್ನು ಮೆಚ್ಚಿ, ಟೇಪು ಹಿಡಿದರು. ಎಂಟಡಿ, ಆರಡಿ. ಸ್ಪರ್ಧೆಗೆ ಕನಿಷ್ಠ ನೂರು ಚದರಡಿ ಇರಬೇಕೆಂದು ಹೇಳಿ ಎದುರುಮನೆಗೆ ಹೋದರು. ಜಿಲ್ಲೆಯನ್ನೆಲ್ಲ ಅಳೆದ ಮಹಾವೀರರು ತಮ್ಮ ಹುಲ್ಲುಹಾಸನ್ನು ಒಮ್ಮೆಯೂ ಅಳೆದಿರಲಿಲ್ಲ.